ಸಂಕವ್ವೆಯ ಅಕ್ಕತಂಗಿಯರು ಮತ್ತು ಎಚ್‌ಐವಿ

ಪ್ರತಿ ಡಿಸೆಂಬರ್ 1ರಂದು, ವಿಶ್ವ ಏಡ್ಸ್ ದಿನದ ನೆಪದಲ್ಲಿ, ಶಾಲಾ ಮಕ್ಕಳು ಫಲಕ ಹಿಡಿದು ಬೀದಿಯಲ್ಲಿ ಸಾಗುತ್ತಾರೆ. ಘೋಷಣೆಗಳಲ್ಲಿ ನೀತಿಗೆ ಕೊರತೆಯಿಲ್ಲ. ಸೋಂಕಿನ ಅಪಾಯವನ್ನು ನಿತ್ಯ ಎದುರಿಸುವ ಲೈಂಗಿಕ ಕಾರ್ಯಕರ್ತೆಯರ ಮಾತು ಮಾತ್ರ ಎಲ್ಲೂ ಬರುವುದಿಲ್ಲ. ಮಠದ ಪತ್ರಿಕೆಯಲ್ಲಿ ಈ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಬಸವಣ್ಣನವರ ಕಾಲದ ಶರಣೆಯರ ಸಾಲಿನಲ್ಲಿ ಸೂಳೆ ಸಂಕವ್ವೆಯೂ ಇದ್ದಾಳೆ. ನಿರ್ಲಜ್ಜೇಶ್ವರ ಅಂಕಿತದ ಅವಳ ಒಂದೇ ವಚನ ನಮಗೆ ಉಳಿದಿದೆ. ತನ್ನ ವೃತ್ತಿಯ ಭಾಷೆಯಲ್ಲೇ ನಿಷ್ಠೆಯನ್ನು ನುಡಿದ ಆಕೆಯನ್ನು ಶರಣ ಪರಂಪರೆ ಹೊರಗೆ ನಿಲ್ಲಿಸಲಿಲ್ಲ.

1986ರಲ್ಲಿ ನಮ್ಮ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದದ್ದು ಚೆನ್ನೈನ ಲೈಂಗಿಕ ಕಾರ್ಯಕರ್ತೆಯರ ರಕ್ತಪರೀಕ್ಷೆಯಲ್ಲಿ. ಅಂದಿನಿಂದ ಇದು ಅವರ ರೋಗ ಎಂಬ ಹಣೆಪಟ್ಟಿ ಅಂಟಿತು. ಅವರಿಗೆ ಸೋಂಕು ತಂದುಕೊಟ್ಟು, ಮನೆಗೆ ಹೋಗಿ ಹೆಂಡತಿಗೂ ಹಂಚಿದ ಗಂಡಸಿಗೆ ಯಾವ ಪಟ್ಟಿಯೂ ಇಲ್ಲ.

ಕಾಂಡೋಮ್ ಬಳಸಿದರೆ ಸೋಂಕು ತಡೆಯಬಹುದೆಂಬುದು ಇಂದು ಬಹುತೇಕ ಆ ಹೆಣ್ಣುಮಕ್ಕಳಿಗೆ ಗೊತ್ತು. ಒಪ್ಪದ ಗಿರಾಕಿಯನ್ನು ತಿರುಗಿಸಿ ಕಳಿಸುವ ಬಲ ಎಲ್ಲಿಂದ ಬರಬೇಕು? ಒಂದು ಕಡೆ ಸಾಲ, ಇನ್ನೊಂದು ಕಡೆ ಕುಡಿದು ಬಂದವನ ಹೊಡೆತ, ಮೇಲೆ ಪೊಲೀಸರ ಭಯ. ಚೀಲದಲ್ಲಿ ಕಾಂಡೋಮ್ ಸಿಕ್ಕರೆ ಅದೇ ಅಪರಾಧಕ್ಕೆ ಸಾಕ್ಷಿಯಾಗುತ್ತಿತ್ತು. ಹಾಗೆ ಪರಿಗಣಿಸಕೂಡದೆಂದು ಸುಪ್ರೀಂ ಕೋರ್ಟ್ ನಿರ್ದೇಶಿಸಲು 2022ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಪೈಪು ಒಡೆದ ಜಾಗ ಬಿಟ್ಟು ನಲ್ಲಿಗೆ ಬೈಯುವ ಎಂಜಿನಿಯರನನ್ನು ಯಾವ ಇಲಾಖೆಯೂ ಇಟ್ಟುಕೊಳ್ಳುವುದಿಲ್ಲ, ಸಮಾಜ ಇಟ್ಟುಕೊಳ್ಳುತ್ತದೆ.

ಕರ್ನಾಟಕದಲ್ಲಿ ಕೆಲಸ ಆದದ್ದು ಈ ಮಹಿಳೆಯರೇ ಸಂಘ ಕಟ್ಟಿಕೊಂಡಾಗ. ಮೈಸೂರಿನ ಆಶೋದಯ ಸಮಿತಿ ಅವರದೇ ಸಂಸ್ಥೆ. ಅವರಲ್ಲೊಬ್ಬಳು ಓಣಿಗೆ ಹೋಗಿ ಹೇಳಿದ ಮಾತಿಗೆ ಇರುವ ಬೆಲೆ ನಮ್ಮ ಉಪನ್ಯಾಸಕ್ಕಿಲ್ಲ. ರಾಜ್ಯದ ಐದು ಜಿಲ್ಲೆಗಳಲ್ಲಿ ಇಂಥ ಕಾರ್ಯಕ್ರಮ ನಡೆದಾಗ ಮಾಡಿದ ಎರಡು ಸಮೀಕ್ಷೆಗಳ ನಡುವೆ ಎಚ್‌ಐವಿ ಪ್ರಮಾಣ ಶೇ. 19.6ರಿಂದ 16.4ಕ್ಕೆ ಇಳಿದಿತ್ತು. ದೊಡ್ಡ ಇಳಿಕೆಯಲ್ಲ, ಆದರೆ ದಿಕ್ಕು ಸರಿಯಿತ್ತು.

ಸೋಂಕು ಬಂದವರಿಗೆ 2004ರಿಂದ ಸರ್ಕಾರದ ಎಆರ್‌ಟಿ ಕೇಂದ್ರಗಳಲ್ಲಿ ಔಷಧ ಉಚಿತ. ತಪ್ಪದೆ ನುಂಗಿ, ವೈರಾಣು ಪರೀಕ್ಷೆಗೆ ಸಿಗದಷ್ಟು ಕುಗ್ಗಿದರೆ ಲೈಂಗಿಕ ಸಂಪರ್ಕದಿಂದ ಮತ್ತೊಬ್ಬರಿಗೆ ಹರಡುವುದಿಲ್ಲ. ಆದರೂ ಸರದಿಯಲ್ಲಿ ನಿಂತಾಗ ಊರವರು ಕಂಡಾರೆಂಬ ಅಂಜಿಕೆಗೆ ಔಷಧ ಬಿಟ್ಟವರುಂಟು. ಆ ಅಂಜಿಕೆ ಹುಟ್ಟಿಸಿದವರು ನಾವು.

ಮಠಗಳಿಗೆ ದೂರದ ಕೆಲಸವೇನೂ ಬೇಕಿಲ್ಲ. ನಮ್ಮ ಉಚಿತ ಪ್ರಸಾದ ನಿಲಯಗಳ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಇದೆ. ಅದನ್ನು ಕಂಡೇ ಹಿಂದಿರುಗುವ ತಾಯಂದಿರಿದ್ದಾರೆ. ಉತ್ತರ ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯ ಬಲೆಗೆ ಬಿದ್ದವರ ಮಕ್ಕಳ ಪಾಡೂ ಇದೇ. ಮಗುವಿಗೋ ತಾಯಿಗೋ ಎಚ್‌ಐವಿ ಇದೆಯೆಂದು ಶಾಲೆಯ ಬಾಗಿಲು ಮುಚ್ಚುವುದು 2017ರ ಕಾಯ್ದೆಯಂತೆ ನಿಷಿದ್ಧ. ಕಾಲಂ ಕೇಳುವುದಕ್ಕೆ ಅಂಥ ನಿಷೇಧವಿಲ್ಲ. ಜೀವಮಾನವಿಡೀ ಸರ್ಕಾರಿ ನಮೂನೆಗಳನ್ನು ತುಂಬಿಸಿಕೊಂಡವನಾಗಿ ಹೇಳುತ್ತೇನೆ, ‘ತಾಯಿ ಅಥವಾ ಪೋಷಕರ ಹೆಸರು’ ಎಂದು ತಿದ್ದಿ ಅಚ್ಚು ಹಾಕಿಸಲು ಒಂದು ವಾರ ಸಾಕು. ಬರುವ ಜೂನ್ ಪ್ರವೇಶಕ್ಕೆ ಮೊದಲೇ ಅದು ಆಗಲಿ. ಜಾತ್ರೆಯ ಮಳಿಗೆಗಳ ನಡುವೆ ಆರೋಗ್ಯ ಇಲಾಖೆಯ ಆಪ್ತಸಮಾಲೋಚಕರಿಗೂ ಒಂದು ಜಾಗ ಕೊಡೋಣ, ಉಚಿತ ಸಹಾಯವಾಣಿ 1097ನ್ನು ದಾಸೋಹ ಮನೆಯ ಗೋಡೆಯ ಮೇಲೆ ಬರೆಸೋಣ.