ಸ್ಪೇ ನದಿಯ ಉದ್ದಕೋಲಿನ ಪಂದ್ಯ

ಎತ್ತಿನ ಗಾಡಿ ಹೊಡೆಯುವವನು ಚಾಟಿ ಬೀಸುವುದನ್ನು ಗಮನಿಸಿದ್ದೀರಾ? ಅವನ ಮಣಿಕಟ್ಟು ಚಲಿಸುವುದು ಒಂದು ಗೇಣು ಮಾತ್ರ. ಆದರೆ ಚಾಟಿಯ ತುದಿ ‘ಚಟಾರ್’ ಎಂದು ಸಿಡಿಯುತ್ತದೆ. ಆ ಸದ್ದು ಬರುವುದು ಚಾಟಿ ಎತ್ತಿಗೆ ತಾಗಿದ್ದರಿಂದಲ್ಲ. ಅದರ ತುದಿ ಕ್ಷಣಕಾಲ ಶಬ್ದದ ವೇಗವನ್ನೂ ಮೀರಿ ಓಡಿದ್ದರಿಂದ. ಕೈ ಕೊಟ್ಟ ಅಲ್ಪ ಚಲನೆ ತುದಿಗೆ ತಲುಪುವಷ್ಟರಲ್ಲಿ ಇಷ್ಟು ವೇಗವಾಗುವುದು ಹೇಗೆ?

ಈ ಪ್ರಶ್ನೆಯ ಉತ್ತರದ ಮೇಲೆಯೇ ಒಂದು ಆಟ ನಿಂತಿದೆ. ಅದು ಹುಟ್ಟಿದ್ದು ಸ್ಕಾಟ್ಲೆಂಡಿನ ಸ್ಪೇ ನದಿಯ ದಂಡೆಯಲ್ಲಿ, 19ನೆಯ ಶತಮಾನದಲ್ಲಿ. ಅಲ್ಲಿನವರು ಎರಡು ಆಳುದ್ದಕ್ಕೂ ಮೀರಿದ ಗಾಳದ ಕೋಲನ್ನು ಎರಡೂ ಕೈಗಳಲ್ಲಿ ಹಿಡಿದು, ಸೊಂಟದವರೆಗಿನ ನೀರಿನಲ್ಲಿ ನಿಂತು ಸಾಲ್ಮನ್ ಮೀನಿಗಾಗಿ ದಾರ ಬೀಸುತ್ತಾರೆ. ‘ನೀನು ಎಷ್ಟು ದೂರ ಎಸೆದೆ, ನಾನು ಎಷ್ಟು ದೂರ ಎಸೆದೆ’ ಎಂಬ ಸ್ನೇಹದ ಪೈಪೋಟಿಯೂ ಅಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ನೊಣಕ್ಕೆ ತೂಕವಿಲ್ಲ

ನಮ್ಮ ಕೆರೆಯ ದಂಡೆಯಲ್ಲಿ ಗಾಳ ಹಾಕುವವನು ದಾರದ ತುದಿಗೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ, ಸೀಸದ ಗುಂಡು ಕಟ್ಟಿ ಎಸೆಯುತ್ತಾನೆ. ಗುಂಡು ಮುಂದೆ ಹಾರುತ್ತದೆ, ಹಗುರವಾದ ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಸ್ಪೇ ನದಿಯವರ ಪದ್ಧತಿ ಇದಕ್ಕೆ ತಿರುಗುಮುರುಗು. ಅವರ ಗಾಳಕ್ಕೆ ಹಕ್ಕಿಯ ಗರಿ ಮತ್ತು ಬಣ್ಣದ ನೂಲು ಸುತ್ತಿರುತ್ತದೆ. ಇದಕ್ಕೆ ‘ಫ್ಲೈ’ ಎಂದು ಹೆಸರು, ಎಂದರೆ ನೊಣ. ಗರಿಯಷ್ಟು ಹಗುರವಾದ ಈ ನೊಣವನ್ನು ಬರಿಗೈಯಲ್ಲಿ ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಆದ್ದರಿಂದ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ದಾರ ದಪ್ಪ, ನೊಣ ಹಗುರ. ಅಲ್ಲಿ ಎಸೆಯುವುದು ನೊಣವನ್ನಲ್ಲ, ದಾರವನ್ನು.

ಕೋಲನ್ನು ಬೀಸಿದಾಗ ದಾರದ ತೂಕಕ್ಕೆ ಅದು ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಕೋಲಿನಲ್ಲಿ ಪ್ರಚ್ಛನ್ನ ಶಕ್ತಿ ತುಂಬಿರುತ್ತದೆ. ಕೈ ತಟ್ಟನೆ ನಿಂತೊಡನೆ ಕೋಲು ನೆಟ್ಟಗಾಗಿ ಆ ಶಕ್ತಿಯನ್ನು ದಾರಕ್ಕೆ ದಾಟಿಸುತ್ತದೆ. ದಾರ ಮಡಚಿದ ಕುಣಿಕೆಯಾಗಿ ಗಾಳಿಯಲ್ಲಿ ಮುಂದೆ ಉರುಳುತ್ತದೆ. ಕುಣಿಕೆಯ ಕೆಳಗಿನ ಭಾಗ ಹೆಚ್ಚುಕಡಿಮೆ ನಿಂತಿರುತ್ತದೆ, ಮೇಲಿನ ಭಾಗ ಮಾತ್ರ ಓಡುತ್ತಿರುತ್ತದೆ. ದಾರ ಬಿಚ್ಚಿಕೊಂಡಂತೆಲ್ಲ ಓಡುವ ಭಾಗದ ಉದ್ದ ಕಡಿಮೆಯಾಗುತ್ತಾ ಬರುತ್ತದೆ.

ಇಲ್ಲಿ ಪ್ರೌಢಶಾಲೆಯ ಸೂತ್ರವೊಂದನ್ನು ನೆನಪು ಮಾಡಿಕೊಳ್ಳಿ. ಚಲನಶಕ್ತಿ ಎಂದರೆ ದ್ರವ್ಯರಾಶಿ ಮತ್ತು ವೇಗದ ವರ್ಗದ ಗುಣಲಬ್ಧದ ಅರ್ಧ. ಶಕ್ತಿ ಅಷ್ಟೇ ಉಳಿದು, ಓಡುವ ದಾರದ ದ್ರವ್ಯರಾಶಿ ಕಾಲುಭಾಗಕ್ಕೆ ಇಳಿದರೆ ವೇಗ ಎರಡು ಪಟ್ಟಾಗಬೇಕು. ವಾಸ್ತವದಲ್ಲಿ ಗಾಳಿಯ ತಡೆ ಒಂದಿಷ್ಟು ಶಕ್ತಿಯನ್ನು ಕಬಳಿಸುತ್ತದೆ. ಆದರೂ ತೂಕವಿಲ್ಲದ ನೊಣ ನದಿಯ ನಡುವಿಗೆ ಹೋಗಿ ಮೆಲ್ಲನೆ ಇಳಿಯುವುದು ಈ ಲೆಕ್ಕಾಚಾರದಿಂದಲೇ. ಚಾಟಿಯ ತುದಿಯದೂ ಇದೇ ಗುಟ್ಟು.

ಬೆನ್ನ ಹಿಂದೆ ಮರ

ಸಾಮಾನ್ಯವಾಗಿ ದಾರವನ್ನು ಮುಂದಕ್ಕೆ ಬೀಸುವ ಮೊದಲು ಹಿಂದಕ್ಕೆ ಪೂರ್ತಿ ಚಾಚಬೇಕು. ಸ್ಪೇ ಸುಮಾರು 172 ಕಿಲೋಮೀಟರ್ ಉದ್ದದ, ರಭಸದ ನದಿ. ಅದರ ದಂಡೆ ಹಲವೆಡೆ ಕಡಿದು, ಮರಗಳಿಂದ ತುಂಬಿದೆ. ಹಿಂದಕ್ಕೆ ಚಾಚಿದ ದಾರ ಕೊಂಬೆಗೆ ಸಿಕ್ಕಿಕೊಳ್ಳುವುದು ಖಂಡಿತ. ಈ ತೊಡಕಿನಿಂದಲೇ ‘ಸ್ಪೇ ಎಸೆತ’ ಹುಟ್ಟಿತು.

ಇದರಲ್ಲಿ ದಾರವನ್ನು ಹಿಂದಕ್ಕೆ ಪೂರ್ತಿ ಕಳಿಸುವುದೇ ಇಲ್ಲ. ದಾರದ ತುದಿಯನ್ನು ಪಕ್ಕದ ನೀರಿನ ಮೇಲೆ ಇಳಿಸಿ, ಉಳಿದ ಭಾಗವನ್ನು ಕೋಲಿನ ಹಿಂದೆ ಅರ್ಧಚಂದ್ರದಂತೆ ತೂಗಿಸುತ್ತಾರೆ. ನೀರು ಆ ತುದಿಯನ್ನು ಲಂಗರಿನಂತೆ ಹಿಡಿದುಕೊಳ್ಳುತ್ತದೆ. ಆ ಕ್ಷಣದಲ್ಲಿ ಮುಂದಕ್ಕೆ ಬೀಸಿದರೆ ಕೋಲು ಬಾಗಿ, ದಾರ ನೀರಿನಿಂದ ಎದ್ದು ಹಾರುತ್ತದೆ. ದಾರ ಹೆಚ್ಚು ಮುಳುಗಿದ್ದರೆ ಅದನ್ನು ಬಿಡಿಸುವುದಕ್ಕೇ ಶಕ್ತಿ ಖರ್ಚಾಗುತ್ತದೆ. ನೀರಿಗೆ ತಾಗದೇ ಹೋದರೆ ಹಿಡಿತ ತಪ್ಪಿ ದಾರ ಚಾಟಿಯಂತೆ ಸಿಡಿಯುತ್ತದೆ. ದೋಸೆ ಮಗುಚುವವರಿಗೆ ಗೊತ್ತಿರುವಂತೆ, ಅವಸರವೂ ಕೂಡದು, ತಡವೂ ಕೂಡದು. ಗಟ್ಟಿ ತೋಳಿನ ಯುವಕ ಒದ್ದಾಡುವ ಕಡೆ ನರೆತ ಕೂದಲಿನ ಹಿರಿಯರು ಸಲೀಸಾಗಿ ಎಸೆಯುವುದು ಆ ನದಿಯಲ್ಲಿ ಹೊಸದೇನಲ್ಲ.

ಕೋಲು ಉದ್ದವಿರುವುದಕ್ಕೂ ಕಾರಣವಿದೆ. ಅದು ಒಂದು ಸನ್ನೆ. 15 ಅಡಿಯ ಕೋಲನ್ನು ಹಿಡಿದ ಎರಡು ಕೈಗಳ ನಡುವೆ 40 ಸೆಂಟಿಮೀಟರ್ ಅಂತರವಿದೆ ಎನ್ನಿ. ಕೆಳಗಿನ ಕೈಯನ್ನು ಸ್ಥಿರವಾಗಿಟ್ಟು ಮೇಲಿನ ಕೈಯನ್ನು 10 ಸೆಂಟಿಮೀಟರ್ ಸರಿಸಿದರೆ ಕೋಲಿನ ತುದಿ ಒಂದು ಮೀಟರಿಗೂ ಹೆಚ್ಚು ಸರಿಯುತ್ತದೆ. ಮೇಲಿನ ಕೈ ತಳ್ಳುವಾಗಲೇ ಕೆಳಗಿನ ಕೈ ಹೊಟ್ಟೆಯತ್ತ ಎಳೆದರೆ ಇನ್ನೂ ಹೆಚ್ಚು.

ಪಿಟೀಲು ಮಾಡುವವನ ಕೋಲು

ಹಿಂದಿನ ಕಾಲದ ಕೋಲುಗಳು ಗಯಾನಾ ದೇಶದ ಗ್ರೀನ್‌ಹಾರ್ಟ್ ಎಂಬ ಮರದವು. ಈ ಮರ ಎಷ್ಟು ಸಾಂದ್ರವೆಂದರೆ ನೀರಿನಲ್ಲಿ ಮುಳುಗುತ್ತದೆ. ಅಷ್ಟುದ್ದದ ಕೋಲನ್ನು ಹಲವು ತುಂಡುಗಳಲ್ಲಿ ಮಾಡಿ, ಲೋಹದ ಕೊಳವೆಗಳಿಂದ ಜೋಡಿಸುತ್ತಿದ್ದರು. ಇಲ್ಲಿಯೇ ಏನೋ ದೋಷವಿದೆ ಎಂದು ಯೋಚಿಸಿದವನು ಇನ್ವರ್ನೆಸ್ ಊರಿನ ಅಲೆಗ್ಸಾಂಡರ್ ಗ್ರಾಂಟ್. ಅವನು ಪಿಟೀಲು ತಯಾರಿಸುತ್ತಿದ್ದವನು. ತಟ್ಟೆಯಂತೆ ದುಂಡಗಿನ ಪಿಟೀಲನ್ನೂ ಮಾಡಿ ನೋಡಿದವನು. ಮರದಲ್ಲಿ ಕಂಪನ ಹೇಗೆ ಸಾಗುತ್ತದೆ ಎಂಬುದು ಅವನಿಗೆ ಕಿವಿಯಿಂದಲೇ ಗೊತ್ತಿತ್ತು. ಲೋಹದ ಕೊಳವೆ ಬಾಗುವುದಿಲ್ಲವಾದ್ದರಿಂದ ಕಂಪನ ಅಲ್ಲಿ ತಡೆಯುತ್ತದೆ ಎಂದು ಅವನು ಕಂಡುಕೊಂಡ. ತುಂಡುಗಳ ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಕೂರಿಸಿ, ಪಟ್ಟಿ ಸುತ್ತಿ ಬಿಗಿದ. ಇಡೀ ಕೋಲು ಒಂದೇ ಮರದಂತೆ ಬಾಗತೊಡಗಿತು. ಆ ಕೋಲಿಗೆ ‘ಗ್ರಾಂಟ್ ವೈಬ್ರೇಷನ್’ ಎಂದೇ ಹೆಸರಾಯಿತು.

1890ರ ದಶಕದಲ್ಲಿ ಗ್ರಾಂಟ್ ಇಂಥದೊಂದು ಕೋಲಿನಿಂದ 65 ಗಜ, ಅಂದರೆ 195 ಅಡಿ ದೂರ ದಾರ ಎಸೆದ. ಕೈಯಲ್ಲಿ ಹೆಚ್ಚುವರಿ ದಾರ ಹಿಡಿದುಕೊಂಡು ಕೊನೆಗೆ ಹರಿಯಬಿಡುವ ಉಪಾಯವನ್ನೂ ಅವನು ಬಳಸಲಿಲ್ಲ.

ಮರದ ನಂತರ ಬಿದಿರು ಬಂತು. ಬಿದಿರನ್ನು ಆರು ಸೀಳಾಗಿ ಮಾಡಿ ಅಂಟಿಸಿದ ಕೋಲುಗಳಿಗೆ ಮೊದಮೊದಲು ಹೋಗುತ್ತಿದ್ದುದು ‘ಕಲ್ಕತ್ತಾ ಬಿದಿರು’ ಎಂದೇ ಹೆಸರಾಗಿದ್ದ ನಮ್ಮ ದೇಶದ ಬಿದಿರು. ಮುಂದೆ ಗಾಜಿನ ನಾರು ಬಂತು, 1970ರ ದಶಕದಲ್ಲಿ ಕಾರ್ಬನ್ ನಾರು ಬಂತು. ಒಂದು ಕಿಲೋಗ್ರಾಂ ಮೀರುತ್ತಿದ್ದ ಮರದ ಕೋಲಿನ ಜಾಗಕ್ಕೆ 300 ಗ್ರಾಂ ಕೂಡ ತೂಗದ ಕೋಲು ಬಂದಿದೆ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ‘ಸ್ಪೇ-ಓ-ರಾಮಾ’ ಎಂಬ ಎಸೆತದ ಪಂದ್ಯ ನಡೆಯುತ್ತದೆ. ಗೋಲ್ಡನ್ ಗೇಟ್ ಉದ್ಯಾನದ ಕೊಳದಲ್ಲಿ ಹಲವು ದೇಶದವರು ಸೇರಿ, ಎಡಕ್ಕೂ ಬಲಕ್ಕೂ ಎಸೆದು ದೂರ ಅಳೆಯುತ್ತಾರೆ. ದಾರದ ತುದಿಯಲ್ಲಿ ಗಾಳವಿಲ್ಲ, ಒಂದು ತುಣುಕು ಉಣ್ಣೆ ಮಾತ್ರ. ಅಲ್ಲಿ 200 ಅಡಿ ಮುಟ್ಟಿದ ಎಸೆತಗಳಿವೆ. ಮರದ ಕೋಲಿನ ಗ್ರಾಂಟ್ ಅದಕ್ಕೆ ಎಷ್ಟು ಹತ್ತಿರವಿದ್ದ ಎಂಬುದೇ ಸೋಜಿಗ.

ಮಡುವಿನ ಸರದಿ

ನದಿಯ ಪೈಪೋಟಿಗೆ ಬರೆಯದ ಕಟ್ಟಳೆಗಳಿವೆ. ಒಂದು ಮಡುವಿನಲ್ಲಿ ಹಲವರು ಮೀನು ಹಿಡಿಯುವಾಗ ಯಾರೂ ಒಂದೇ ಜಾಗದಲ್ಲಿ ತಳವೂರುವಂತಿಲ್ಲ. ಮೊದಲನೆಯವನು ಮಡುವಿನ ತಲೆಯಲ್ಲಿ ಎಸೆದು, ದಾರ ಹರಿವಿನೊಡನೆ ಅಡ್ಡ ತೇಲಿ ದಡಕ್ಕೆ ಬಂದ ಮೇಲೆ ಒಂದೆರಡು ಹೆಜ್ಜೆ ಕೆಳಗಿಳಿಯುತ್ತಾನೆ. ಎರಡನೆಯವನು ಅವನ ಹಿಂದೆ, ಮೂರನೆಯವನು ಇವನ ಹಿಂದೆ. ಕೊನೆ ಮುಟ್ಟಿದವನು ಮತ್ತೆ ಸರದಿಯ ಹಿಂದಕ್ಕೆ. ಒಬ್ಬನ ಗಾಳಕ್ಕೆ ಮೀನು ಬಿದ್ದರೆ ಅಕ್ಕಪಕ್ಕದವರು ತಮ್ಮ ದಾರ ಸುತ್ತಿಕೊಂಡು ಅವನಿಗೆ ದಾರಿ ಬಿಡುತ್ತಾರೆ.

ಮುಂದಿನವನು ಹತ್ತು ಸಲ ಎಸೆದರೂ ಸಿಗದ ಮೀನು ಅದೇ ಜಾಗದಲ್ಲಿ ಹಿಂದಿನವನಿಗೆ ಸಿಗುವುದುಂಟು. ಆಗ ತಮಾಷೆಗೆ ಕೊನೆಯಿಲ್ಲ. ಆದರೆ ಗೆದ್ದವನೂ ಹೆಚ್ಚು ಬೀಗುವಂತಿಲ್ಲ. ಸಮುದ್ರದಿಂದ ಮೊಟ್ಟೆಯಿಡಲು ನದಿಗೆ ಬರುವ ಸಾಲ್ಮನ್ ಸಿಹಿನೀರಿನಲ್ಲಿ ಆಹಾರ ತಿನ್ನುವುದೇ ಇಲ್ಲ. ಹಸಿವಿಲ್ಲದ ಮೀನು ಗರಿಯ ನೊಣಕ್ಕೆ ಬಾಯಿ ಹಾಕಿದ್ದು ತನ್ನ ಜಾಣ್ಮೆಯಿಂದಲೇ ಎಂದು ಯಾರು ತಾನೇ ಎದೆ ತಟ್ಟಿ ಹೇಳಿಯಾರು?

ತೂಕದ ದಾಖಲೆಗಳು

ಹಿಂದೆ ಪೈಪೋಟಿ ತೂಕದ್ದೂ ಆಗಿತ್ತು. 1922ರ ಅಕ್ಟೋಬರ್ 7ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆ 64 ಪೌಂಡಿನ ಸಾಲ್ಮನ್ ಹಿಡಿದರು. ಬ್ರಿಟನ್ನಿನ ಆ ದಾಖಲೆ ಇಂದಿಗೂ ಹಾಗೇ ಇದೆ. ನಮ್ಮ ನಾಡಿನಲ್ಲೂ ಇಂಥದೇ ಒಂದು ದಾಖಲೆಯಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋಗ್ರಾಂನ ಮಹಶೀರ್ ಹಿಡಿದರು.

ಕೋಲು ಹಗುರಾಯಿತು, ದಾರ ಗಟ್ಟಿಯಾಯಿತು, ವಿದ್ಯೆ ಬೆಳೆಯಿತು, ಕಡಿಮೆಯಾದದ್ದು ಮೀನು. ಸ್ಕಾಟ್ಲೆಂಡಿನಲ್ಲಿ 2010ರಲ್ಲಿ ಗಾಳಕ್ಕೆ ಸಿಕ್ಕ ಕಾಡು ಸಾಲ್ಮನ್‌ಗಳ ಸಂಖ್ಯೆ ಒಂದು ಲಕ್ಷ ದಾಟಿತ್ತು. 2023ರಲ್ಲಿ ಅದು ಸುಮಾರು 32 ಸಾವಿರ. 1952ರಲ್ಲಿ ಲೆಕ್ಕ ಇಡಲು ತೊಡಗಿದ ಮೇಲೆ ಅಷ್ಟು ಕಡಿಮೆ ಎಂದೂ ಆಗಿರಲಿಲ್ಲ. ಅದೇ ವರ್ಷ ಬ್ರಿಟನ್ನಿನ ಸಾಲ್ಮನ್ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಈಗ ಸ್ಕಾಟ್ಲೆಂಡಿನಲ್ಲಿ ಹಿಡಿದ ಹತ್ತು ಸಾಲ್ಮನ್‌ಗಳಲ್ಲಿ ಒಂಬತ್ತಕ್ಕೂ ಹೆಚ್ಚನ್ನು ಮರಳಿ ನೀರಿಗೇ ಬಿಡುತ್ತಾರೆ. ಹೀಗೆ ಬಿಡುವುದಕ್ಕೂ ಕೈ ಪಳಗಿರಬೇಕು: ಮುಳ್ಳು ತೆಗೆದ ಗಾಳ ಬಳಸಬೇಕು, ಒದ್ದೆ ಕೈಯಿಂದ ಹಿಡಿಯಬೇಕು, ಮೀನನ್ನು ನೀರಿನಿಂದ ಎತ್ತಬಾರದು, ಅದು ಚೇತರಿಸಿಕೊಂಡು ತಾನಾಗಿ ಈಜುವವರೆಗೆ ಕಾಯಬೇಕು.

ಕಾವೇರಿಯಲ್ಲಿ ನೊಣದ ಬದಲು ರಾಗಿಯ ಉಂಡೆ. ಗಾಳದವರ ಶಿಬಿರಗಳಲ್ಲಿ ಹಿಡಿದ ಮಹಶೀರನ್ನು ತೂಗಿ, ಬರೆದಿಟ್ಟು, ಬಿಟ್ಟುಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ವಿಜ್ಞಾನಿಗಳು ತೆರೆದು ನೋಡಿದಾಗ, ಬೆನ್ನುಬ್ಬಿದ ಕಾವೇರಿಯ ಮಹಶೀರ್ ವರ್ಷದಿಂದ ವರ್ಷಕ್ಕೆ ಮರೆಯಾಗುತ್ತಿರುವುದು ಅಂಕಿಗಳಲ್ಲಿ ಕಂಡಿತು. 2018ರಲ್ಲಿ ಅದರ ವೈಜ್ಞಾನಿಕ ಹೆಸರು ‘ಟಾರ್ ರೆಮಾದೇವಿ’ ಎಂದು ನಿಶ್ಚಯವಾಯಿತು. ಆ ವರ್ಷವೇ ಅದು ಅತಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಯಾರ ಮೀನು ದೊಡ್ಡದು ಎಂಬ ಹುರುಪಿನಿಂದ ಬರೆದ ಲೆಕ್ಕವೇ ಮೀನಿನ ಪರವಾಗಿ ಸಾಕ್ಷಿ ಹೇಳಿತು.

ಮಾಡಿ ನೋಡಿ

ನದಿಯೂ ಕೋಲೂ ಇಲ್ಲದೆ ಈ ಎಸೆತದ ತತ್ತ್ವವನ್ನು ನೋಡಬಹುದು. ಐದಾರು ಮೀಟರ್ ಉದ್ದದ ಮೆತ್ತನೆಯ ನೂಲಿನ ಹಗ್ಗವನ್ನು ಹುಲ್ಲಿನ ಮೇಲೆ ನೇರವಾಗಿ ಚಾಚಿ. ಒಂದು ತುದಿ ಹಿಡಿದು, ಕೈಯನ್ನು ನಿಧಾನವಾಗಿ ಕಿವಿಯ ಹಿಂದಕ್ಕೆ ತನ್ನಿ. ಹಗ್ಗ ಮೊಣಕೈಯ ಹಿಂದೆ ಅರ್ಧಚಂದ್ರದಂತೆ ತೂಗಬೇಕು. ಈಗ ಸುತ್ತಿಗೆ ಹೊಡೆದಂತೆ ಮುಂದಕ್ಕೆ ಬೀಸಿ, ಥಟ್ಟನೆ ನಿಲ್ಲಿಸಿ. ಕುಣಿಕೆ ಹಗ್ಗದುದ್ದಕ್ಕೂ ಓಡುವುದನ್ನು ಕಾಣುವಿರಿ. ಅದೇ ಹಗ್ಗವನ್ನು ನುಣುಪಾದ ಸಿಮೆಂಟ್ ನೆಲದ ಮೇಲೆ ಬೀಸಿದರೆ ಎಸೆತ ಸಪ್ಪೆಯಾಗುತ್ತದೆ. ಲಂಗರಿಗೆ ಬೇಕಾದ ಘರ್ಷಣೆ ಅಲ್ಲಿ ಕಡಿಮೆ.

ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಬೀಸಿ ನೋಡಲಿ. ಹೆಚ್ಚು ಬಲ ಹಾಕಿದವರ ಹಗ್ಗ ಹೆಚ್ಚಾಗಿ ಸುರುಳಿ ಸುತ್ತಿಕೊಂಡು ಕಾಲಬುಡದಲ್ಲೇ ಬೀಳುತ್ತದೆ. ಎಲ್ಲರಿಗೂ ಮೂರು ಮೂರು ಸರದಿ. ಸೋತವರು ಹಗ್ಗ ಸುತ್ತಿಡಲಿ.