ಗಾಡಿಯು ಎಲ್ಲಿ ಕಾದಿರಬೇಕು?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬೆಂಗಳೂರಿನ ಅಂಚಿನ ಹೊಸ ಬಡಾವಣೆಗಳಲ್ಲಿ ಸಂಸಾರ ಹೂಡಿರುವರು. ಕಳೆದ ವರುಷ ಅವರಲ್ಲೊಬ್ಬಾಕೆಯು ನಮ್ಮನ್ನು ಕಾಣಬಂದು, ತನ್ನ ಮಾವನವರಿಗೆ ಎದೆನೋವು ಬಂದ ರಾತ್ರಿ ಆಂಬ್ಯುಲೆನ್ಸ್ ಗಾಡಿಗಾಗಿ ನಲವತ್ತು ನಿಮಿಷ ಬಾಗಿಲಲ್ಲಿ ನಿಂತಿದ್ದುದನ್ನು ಹೇಳಿದಳು. ಅದು ಯಾರ ಗಾಡಿಯೆಂಬುದು ಇಲ್ಲಿ ಬೇಡ. ಹತ್ತಿರದ ಗಾಡಿಯು ಆಗಲೇ ಇನ್ನೊಬ್ಬ ರೋಗಿಯನ್ನು ಹೊತ್ತು ಹೋಗಿತ್ತಂತೆ. ಹಿರಿಯರು ಬದುಕಿಕೊಂಡರು, ದೇವರಿಗೆ ಸ್ತೋತ್ರ. ಆ ನಲವತ್ತು ನಿಮಿಷಗಳು ಮಾತ್ರ ನಮ್ಮ ಮನಸ್ಸನ್ನು ಬಿಟ್ಟಿಲ್ಲ.

ನಮ್ಮ ರಾಜ್ಯದಲ್ಲಿ 108ರ ಸೇವೆಯು 2008ನೆಯ ನವೆಂಬರಿನಲ್ಲಿ ಆರಂಭವಾಯಿತು. 2015ರಲ್ಲಿ, ಸಂದಣಿಯ ನಡುವೆ ನುಸುಳಬಲ್ಲ ಮೋಟಾರ್ ಸೈಕಲ್ ಆಂಬ್ಯುಲೆನ್ಸುಗಳೂ ಬಂದವು. ಇವು ಉಪಕಾರದ ಕೆಲಸಗಳೇ ಸರಿ. ಗಾಡಿಗಳು ಇನ್ನೂ ಹೆಚ್ಚಬೇಕೆಂದು ಎಲ್ಲರೂ ಹೇಳುವರು. ಅವು ಎಲ್ಲಿ ನಿಂತು ಕಾದಿರಬೇಕೆಂದು ಕೇಳುವವರು ವಿರಳ.

ಇದಕ್ಕೂ ಒಂದು ಗಣಿತವುಂಟು. (ಗಣಿತವೆಂದರೆ ಮುಖ ಸಿಂಡರಿಸುತ್ತಿದ್ದ ನಮ್ಮ ಹುಡುಗಿಯರು ಕ್ಷಮಿಸಬೇಕು.) ಗೊತ್ತಾದ ಸಮಯದೊಳಗೆ ಪ್ರತಿಯೊಂದು ಸ್ಥಳವನ್ನೂ ಮುಟ್ಟಬೇಕಾದರೆ ಕನಿಷ್ಠಪಕ್ಷ ಎಷ್ಟು ನೆಲೆಗಳು ಬೇಕೆಂದು 1971ರಲ್ಲಿ ಅಮೆರಿಕದ ಟೊರೆಗಾಸ್ ಮೊದಲಾದವರು ಕೇಳಿದರು. 1974ರಲ್ಲಿ ಚರ್ಚ್ ಮತ್ತು ರೆವೆಲ್ ಎಂಬವರು ಪ್ರಶ್ನೆಯನ್ನೇ ತಿರುಗಿಸಿ, ಇಷ್ಟೇ ನೆಲೆಗಳೆಂದು ಗೊತ್ತಾದ ಮೇಲೆ ಅವುಗಳಿಂದ ಅತಿ ಹೆಚ್ಚು ಜನರನ್ನು ಮುಟ್ಟುವುದು ಹೇಗೆಂದು ಕೇಳಿದರು. ಹೊರಟುಹೋದ ಗಾಡಿಯ ನೆಲೆಯು ಅಷ್ಟು ಹೊತ್ತು ಬರಿದೆಂಬುದನ್ನು 1983ರಲ್ಲಿ ಡಾಸ್ಕಿನ್ ಎಂಬವರು ಲೆಕ್ಕಕ್ಕೆ ತಂದರು. ನಮ್ಮ ಆ ಹುಡುಗಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಖಜಾನೆಗೆ ಮಿತಿಯಿರುವ ನಗರವು ಎರಡನೆಯ ಪ್ರಶ್ನೆಯನ್ನೇ ಹಿಡಿಯುವುದು ಸಹಜ. ಶಾಲೆಯ ಆಯವ್ಯಯವನ್ನು ಬರೆಯುವ ನಾವು ಅದನ್ನು ದೂಷಿಸಲಾರೆವು. ಆದರೆ ಜನನಿಬಿಡ ಪೇಟೆಗಳ ಸುತ್ತಲೇ ಗಾಡಿಗಳನ್ನು ಕೂಡಿಸಿದಾಗ ಸರಾಸರಿ ನಿಮಿಷಗಳು ಇಳಿಯುತ್ತವೆ. ಊರಂಚಿನ ನಲವತ್ತು ನಿಮಿಷವು ಆ ಸರಾಸರಿಯೊಳಗೆ ಕರಗಿ ಕಾಣದಾಗುತ್ತದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಹೋದ ಕುರುಬನು ಸರಾಸರಿಯನ್ನು ಎಣಿಸಿದವನಲ್ಲವಷ್ಟೆ. ಆದುದರಿಂದ ಸರಾಸರಿಯ ಜೊತೆಗೆ ಅತ್ಯಂತ ತಡವಾದ ಕರೆಗಳ ನಿಮಿಷಗಳನ್ನೂ ವಾರ್ಡುವಾರಾಗಿ, ಹಗಲಿನದು ಬೇರೆ ರಾತ್ರಿಯದು ಬೇರೆ ಎಂದು, ಪ್ರಕಟಿಸಬೇಕು. ಗಾಡಿಗಳ ನೆಲೆಗಳನ್ನು ಅದನ್ನು ನೋಡಿಕೊಂಡು ಬದಲಿಸಬೇಕು. ಇದು ದುಬಾರಿಯಾದ ಬೇಡಿಕೆಯೆಂದು ನಮಗೆ ತೋರುವುದಿಲ್ಲ.

ಊರಂಚಿನಲ್ಲಿರುವ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ, ಗಾಡಿಗೆ ಕರೆಮಾಡುವ ಸಂದರ್ಭ ಬಂದಲ್ಲಿ, ಕರೆದ ಸಮಯವನ್ನೂ ಅದು ಬಾಗಿಲಿಗೆ ಬಂದ ಸಮಯವನ್ನೂ ಗುರುತುಹಾಕಿಕೊಂಡು ನಮಗೆ ತಿಳಿಸಬೇಕಾಗಿ ಕೋರುತ್ತೇವೆ. ಒಂಬತ್ತನೆಯ ತರಗತಿಯ ಹುಡುಗಿಯರು ಅವನ್ನು ಪಟ್ಟಿಮಾಡುವರು. ಮನವಿಯೊಡನೆ ಆರೋಗ್ಯ ಇಲಾಖೆಗೆ ಒಪ್ಪಿಸುವ ಹೊಣೆ ನಮ್ಮದು.