ಗೃಹಸ್ಥರ ಪುಟ: ಹಳೆಯ ಜೀಪುಗಾಡಿಯ ಬಾಗಿಲು

ಘಟ್ಟದ ಮೇಲಿನ ನಮ್ಮ ಮೂರು ತಾಲೂಕುಗಳಲ್ಲಿ, ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರ ಮನೆಗಳಲ್ಲಿ, ಕೊಟ್ಟಿಗೆಯ ಮಗ್ಗುಲಿಗೆ ಹಳೆಯ ಜೀಪುಗಾಡಿಯೊಂದು ನಿಂತಿರುವದು ಅಪೂರ್ವವಾದ ನೋಟವಲ್ಲ. ಅಡಕೆಯ ಮೂಟೆಯನ್ನು ಪೇಟೆಗೆ ಮುಟ್ಟಿಸಿದ್ದು, ಬಾಣಂತಿಯನ್ನು ಆಸ್ಪತ್ರೆಗೊಯ್ದದ್ದು, ಮದುವೆಯ ದಿಬ್ಬಣವನ್ನು ಕೆಸರಿನಲ್ಲಿ ದಾಟಿಸಿದ್ದು ಎಲ್ಲವೂ ಅದೇ ಗಾಡಿಯಾಗಿರುವದರಿಂದ, ಹೊಸ ಕಾರು ಬಂದ ಮೇಲೂ ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದು. ಸಿದ್ದಾಪುರದ ಕಡೆಯ ಗೃಹಸ್ಥರೊಬ್ಬರು ಅಂಥದೊಂದು ಗಾಡಿಯ ವಿಷಯವಾಗಿ ಈ ಪುಟಕ್ಕೆ ಬರೆದು ಕೇಳಿದ್ದಾರೆ. ತಂದೆಯವರು ಕೊಂಡ ಗಾಡಿಯಂತೆ. ಕಳೆದ ಬೇಸಗೆಯಲ್ಲಿ ತಳದ ತಗಡನ್ನು ಬದಲಿಸಿ ಬಣ್ಣ ಹೊಡೆಯಿಸಿದರು. ಅಂದಿನಿಂದ ಎಡಬದಿಯ ಬಾಗಿಲು ಎಳೆದು ಬಡಿದ ಹೊರತು ಮುಚ್ಚುವದಿಲ್ಲ; ಘಟ್ಟದ ತಿರುವಿನಲ್ಲಿ ಒಮ್ಮೆ ತಾನಾಗಿ ತೆರೆದುಕೊಂಡಿತು; ಆಗ ಮೊಮ್ಮಗನು ಆ ಬದಿಯಲ್ಲಿ ಕುಳಿತಿದ್ದನು. ದೈವಾನುಗ್ರಹದಿಂದ ಏನೂ ಆಗಲಿಲ್ಲ. ಬಾಗಿಲಿನ ಅಂಚನ್ನು ಸ್ವಲ್ಪ ಕತ್ತರಿಸಿದರೆ ಸರಿಹೋಗುವದೆಂದು ಕೆಲಸಗಾರನು ಹೇಳುತ್ತಾನೆ. ಒಪ್ಪಬಹುದೇ ಎಂಬದು ಅವರ ಪ್ರಶ್ನೆ.

ಒಪ್ಪಬಾರದು. ಕಾರಣವನ್ನು ಮುಂದೆ ವಿಸ್ತರಿಸುವೆನು. ಅದಕ್ಕೂ ಮೊದಲು, ಆ ಬಾಗಿಲು ಸರಿಯಾಗುವ ವರೆಗೆ ಆ ಬದಿಯಲ್ಲಿ ಮಕ್ಕಳನ್ನು ಕೂಡ್ರಿಸಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಬಾಗಿಲನ್ನು ಹಗ್ಗದಿಂದ ಕಟ್ಟುವ ರೂಢಿಯೂ ಒಳ್ಳೆಯದಲ್ಲ. ಆಪತ್ತಿನ ಕಾಲದಲ್ಲಿ ಒಳಗಿನವರು ಹೊರಬರುವದೇ ಕಷ್ಟವಾಗುವದು.

ಈ ಗಾಡಿಯ ಹುಟ್ಟನ್ನು ನೆನೆದರೆ ಬಾಗಿಲಿನ ತೊಂದರೆಯ ಮೂಲವು ಅರ್ಧ ತಿಳಿಯುತ್ತದೆ. ೧೯೪೦-೪೧ರಲ್ಲಿ ಅಮೇರಿಕದ ಸೈನ್ಯಕ್ಕಾಗಿ ಬ್ಯಾಂಟಮ್, ವಿಲ್ಲೀಸ್, ಫೋರ್ಡ್ ಎಂಬ ಮೂರು ಕಂಪನಿಗಳು ಪೈಪೋಟಿಯಿಂದ ರಚಿಸಿದ ವಾಹನವಿದು. ಯುದ್ಧಭೂಮಿಯಲ್ಲಿ ಧುಮುಕಿ ಇಳಿಯುವದಕ್ಕೆ ಅನುಕೂಲವಾಗಲೆಂದು ಅದಕ್ಕೆ ಬಾಗಿಲನ್ನೇ ಇಡಲಿಲ್ಲ. ಪಕ್ಕದ ತಗಡು ಆಸನದ ಬಳಿಯಲ್ಲಿ ತಗ್ಗಾಗಿರುವದು. ಹತ್ತಿ ಇಳಿಯುವದೆಲ್ಲ ಅಲ್ಲಿಯೇ. ನಮ್ಮ ದೇಶದಲ್ಲಿ ಇದನ್ನು ಪ್ರಚಾರಕ್ಕೆ ತಂದವರು ಮುಂಬಯಿಯ ಮಹೀಂದ್ರ ಕಂಪನಿಯವರು. ೧೯೪೫ರಲ್ಲಿ ಸ್ಥಾಪಿತವಾದಾಗ ಅದರ ಹೆಸರು ಮಹೀಂದ್ರ ಎಂಡ್ ಮೊಹಮ್ಮದ್ ಎಂದಿತ್ತು. ಪಾಲುದಾರರಾದ ಗುಲಾಮ್ ಮೊಹಮ್ಮದರು ದೇಶವಿಭಜನೆಯ ತರುವಾಯ ಪಾಕಿಸ್ತಾನದ ಅರ್ಥಮಂತ್ರಿಗಳಾಗಿ ಹೋದದ್ದರಿಂದ ೧೯೪೮ರಲ್ಲಿ ಹೆಸರು ಬದಲಾಯಿತು. ೧೯೪೯ರಿಂದ ವಿಲ್ಲೀಸ್ ಗಾಡಿಯ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಮುಂದೆ ಇಲ್ಲಿಯೇ ತಯಾರಾದ ಸಿ.ಜೆ. ೩ಬಿ ಎಂಬ ಮಾದರಿಯು ಹಳ್ಳಿಹಳ್ಳಿಗೂ ಬಂತು. ಅದಕ್ಕೂ ಮೊದಲಿಗೆ ಕ್ಯಾನ್‌ವಾಸಿನ ಹೊದಿಕೆಯೇ ಮಾಡು, ಕ್ಯಾನ್‌ವಾಸಿನ ಪರದೆಯೇ ಬಾಗಿಲು. ನಮ್ಮ ಮಳೆಗೆ ಅದು ಸಾಲದಾದ್ದರಿಂದ ಜನರು ತಗಡಿನ ಮಾಡನ್ನೂ ತಗಡಿನ ಬಾಗಿಲನ್ನೂ ಮಾಡಿಸಿಕೊಂಡರು. ಬಾಗಿಲಿಲ್ಲದಿರಲೆಂದು ಹುಟ್ಟಿದ ಶರೀರಕ್ಕೆ ಬಾಗಿಲು ತೂಗಹಾಕಿದ್ದೇವೆ. ಶರೀರದ ಅತ್ಯಂತ ದುರ್ಬಲವಾದ ಸ್ಥಾನದಲ್ಲಿಯೇ ಆ ಭಾರವು ಬಿದ್ದಿರುವದು.

ಶಿರಸಿಯ ಹಳೆಯ ಟಿಂಕರಿಂಗ್ ಮೇಸ್ತ್ರಿಯೊಬ್ಬನು ಒಮ್ಮೆ ಹೇಳಿದ ಮಾತು ನೆನಪಿದೆ: "ಮಾಸ್ತರೇ, ಬಾಗಿಲು ಸರಿಯಿಲ್ಲ ಅಂತ ಬಂದವರಿಗೆ ನಾನು ಮೊದಲು ಗಾಡಿ ಅಡಿಗೆ ಮಲಗಿ ಅಂತೇನೆ." ವಿನೋದಕ್ಕೆ ಆಡಿದ ಮಾತಾದರೂ ಶಾಸ್ತ್ರಸಮ್ಮತವಾದದ್ದು. ಬಾಗಿಲಿನ ಸಂದು ವಕ್ರವಾಗಿ ಕಾಣುವದು ಕಾರ್ಯ. ಕಾರಣವು ಬಹುಮಟ್ಟಿಗೆ ಕೆಳಗಿರುವದು.

ಜೀಪಿನ ಅಡಿಯಲ್ಲಿ ಉಕ್ಕಿನ ಎರಡು ಉದ್ದ ತೊಲೆಗಳೂ ಅವನ್ನು ಹಿಡಿದ ಅಡ್ಡತೊಲೆಗಳೂ ಕೂಡಿ ಏಣಿಯ ಆಕಾರದ ಚಾಸಿಯೊಂದಿದೆ. ಅದರ ಮೇಲೆ ರಬ್ಬರಿನ ಬಿಲ್ಲೆಗಳನ್ನಿಟ್ಟು ತಗಡಿನ ತೊಟ್ಟಿಯನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಪ್ರಥಮತಃ ಚಾಸಿಯು ನೆಟ್ಟಗಿದೆಯೇ ಎಂದು ನೋಡತಕ್ಕದ್ದು. ಗಾಡಿಯನ್ನು ಸಮತಲವಾದ ಗಚ್ಚಿನ ಮೇಲೆ ನಿಲ್ಲಿಸಿ, ನಾಲ್ಕೂ ಗಾಲಿಗಳಿಗೆ ಸಮನಾಗಿ ಗಾಳಿ ತುಂಬಿ, ಎಡ ಬಲಗಳ ಸ್ಪ್ರಿಂಗಿನ ಪಾಟಾಗಳು ಒಂದೇ ಎತ್ತರದಲ್ಲಿವೆಯೇ ಎಂದು ಮೊದಲು ಅಳೆಯಬೇಕು. ಆಮೇಲೆ ಮುಂದಿನ ಎರಡು, ಹಿಂದಿನ ಎರಡು ಸಮಾನ ಬಿಂದುಗಳನ್ನು ಆರಿಸಿ, ಎಡ ಮುಂದಿನಿಂದ ಬಲ ಹಿಂದಿಗೂ ಬಲ ಮುಂದಿನಿಂದ ಎಡ ಹಿಂದಿಗೂ ಅಳತೆ ತೆಗೆಯಬೇಕು. ಎರಡು ಕರ್ಣಗಳೂ ಸಮನಾಗಿದ್ದರೆ ಚಾಸಿಯು ಒಂದು ಕಡೆಗೆ ಜರುಗಿಲ್ಲವೆಂದರ್ಥ. ಯಜ್ಞವೇದಿಯನ್ನು ಹಗ್ಗದಿಂದ ಅಳೆಯುತ್ತಿದ್ದ ಶುಲ್ಬಸೂತ್ರಕಾರರು ಕರ್ಣಕ್ಕೆ ಅಕ್ಷ್ಣಯಾರಜ್ಜು ಎಂಬ ಹೆಸರನ್ನು ಕೊಟ್ಟಿದ್ದರು. ಗ್ಯಾರೇಜಿನಲ್ಲಿ ಹಿಡಿಯುವ ದಾರವೂ ಅದರ ವಂಶದ್ದೇ.

ಆದರೆ ಕರ್ಣವು ಎಲ್ಲವನ್ನೂ ಹೇಳುವದಿಲ್ಲ. ಚಾಸಿಯು ಜರುಗದೆ ಒದ್ದೆಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡಿದ್ದರೆ ಕರ್ಣಗಳು ಸಮನಾಗಿಯೇ ಬರಬಹುದು. ಆಗ ಎರಡು ದಾರಗಳನ್ನು ಆ ನಾಲ್ಕು ಬಿಂದುಗಳಿಂದ ಒಂದೇ ಎತ್ತರದಲ್ಲಿ ಬಿಗಿಯಾಗಿ ಅಡ್ಡಡ್ಡ ಕಟ್ಟಬೇಕು. ನಡುವೆ ದಾರಗಳು ಒಂದನ್ನೊಂದು ಮುಟ್ಟಿದರೆ ನಾಲ್ಕು ಬಿಂದುಗಳೂ ಒಂದೇ ತಲದಲ್ಲಿವೆ. ನಡುವೆ ಅಂತರ ಉಳಿದರೆ, ಇಲ್ಲವೆ ಒಂದು ಮತ್ತೊಂದನ್ನು ಒತ್ತಿ ಬಗ್ಗಿಸಿದರೆ, ಚಾಸಿ ತಿರುಚಿದೆ. ಹಾಗಿದ್ದಲ್ಲಿ ಬಾಗಿಲಿನ ಮಾತನ್ನು ಅಲ್ಲಿಗೇ ನಿಲ್ಲಿಸಿ, ಚಾಸಿಯನ್ನು ಸರಿಪಡಿಸಬಲ್ಲವರಲ್ಲಿಗೆ ಒಯ್ಯಬೇಕು. ಸ್ಪ್ರಿಂಗು ಕೂಡುವ ಜಾಗಗಳಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ಅವನ್ನೂ ಈಗಲೇ ನೋಡಿಕೊಳ್ಳಬೇಕು. ಬಣ್ಣ ಬಿದ್ದ ಮೇಲೆ ಅವು ಕಾಣುವದಿಲ್ಲ.

ಚಾಸಿಯು ಸರಿಯಾಗಿದ್ದರೆ ಮುಂದಿನದು ತೊಟ್ಟಿ. ನಮ್ಮ ವಾಚಕರ ಗಾಡಿಯ ರೋಗವು ಇಲ್ಲಿಯೇ ಇರುವದೆಂದು ನನ್ನ ಊಹೆ, ಯಾಕೆಂದರೆ ತಳದ ತಗಡನ್ನು ಬದಲಿಸಿದ ಮೇಲೆಯೇ ತೊಂದರೆ ತೋರಿತು. ಘಟ್ಟದಂಚಿನ ಮಳೆಯಲ್ಲಿ ತಳದಡಿಯ ಮಡಿಕೆ ತಗಡುಗಳೊಳಗೆ ಕೆಸರು ಸೇರಿ, ನೀರು ನಿಂತು, ತುಕ್ಕು ಒಳಗಿನಿಂದ ತಿನ್ನುತ್ತ ಬರುತ್ತದೆ. ಅವನ್ನು ಕತ್ತರಿಸಿ ತೆಗೆಯುವಾಗ, ಬಾಗಿಲಿನ ತೆರವಿಗೆ ಅಡ್ಡಲಾಗಿ ಕಬ್ಬಿಣದ ಸರಳುಗಳನ್ನು ತಾತ್ಪೂರ್ತಿಕವಾಗಿ ವೆಲ್ಡಿಂಗು ಮಾಡಿ ಹಿಡಿಸಿರಬೇಕು. ಹಾಗೆ ಮಾಡದಿದ್ದರೆ ತಳ ಹೋದ ತೊಟ್ಟಿಯು ಅಡಿಪಾಯ ತೆಗೆದ ಗೋಡೆಯಂತೆ ಮುಂದಕ್ಕೋ ಹಿಂದಕ್ಕೋ ವಾಲಿ, ಹೊಸ ತಗಡು ಆ ವಾಲಿದ ರೂಪವನ್ನೇ ಶಾಶ್ವತಗೊಳಿಸುವದು. ಈ ಸರಳು ಹಾಕುವ ಕೆಲಸಕ್ಕೆ ಅರ್ಧ ದಿನ ಸಾಕು. ಬಿಟ್ಟರೆ ತಿಂಗಳ ಕೆಲಸವೆಲ್ಲ ಕೆಡುವದು. ದುರಸ್ತಿಗೆ ಕೊಡುವ ಮುನ್ನ ಗೃಹಸ್ಥರು ಕೇಳಬೇಕಾದ ಮೊದಲನೆಯ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ. ಕೂಲಿಯ ದರವನ್ನು ಆಮೇಲೆ ಕೇಳಲಿ.

ತೊಟ್ಟಿಯು ಅಲ್ಪಸ್ವಲ್ಪ ಮಾತ್ರ ವಾಲಿದ್ದರೆ ಕತ್ತರಿಯ ಅಗತ್ಯವಿಲ್ಲ. ತೊಟ್ಟಿಯ ಬೋಲ್ಟುಗಳನ್ನೆಲ್ಲ ಸಡಿಲಿಸಿ, ಸವೆದ ರಬ್ಬರಿನ ಬಿಲ್ಲೆಗಳನ್ನು ಬದಲಿಸಿ, ಬೇಕಾದಲ್ಲಿ ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಕೆಳಗಿಟ್ಟು ಎತ್ತರವನ್ನು ತಿದ್ದಬಹುದು. ಇದರ ನಿಯಮವು ಸರಳ. ಗಾಜಿನ ಚೌಕಟ್ಟನ್ನು ಹೊತ್ತ ಮುಂದಿನ ಭಾಗದ ಮುಂತುದಿಯನ್ನು ಎತ್ತಿದರೆ, ಆ ಭಾಗದ ಮೇಲ್ತುದಿಯು ಹಿಂದಕ್ಕೆ ವಾಲಿ, ಬಾಗಿಲಿನ ತೆರವು ಮೇಲೆ ಕಿರಿದಾಗುವದು; ತಗ್ಗಿಸಿದರೆ ಮೇಲೆ ಅಗಲವಾಗುವದು. ತಳದ ಎರಡು ಬೋಲ್ಟುಗಳ ನಡುವೆ ಒಂದು ಮೊಳವಿದ್ದು ಮೇಲ್ತುದಿಯು ಎರಡು ಮೊಳ ಎತ್ತರದಲ್ಲಿದ್ದರೆ, ತಳಕ್ಕಿಟ್ಟ ಒಂದು ನೂಲು ದಪ್ಪದ ಬಿಲ್ಲೆಯು ತುದಿಯಲ್ಲಿ ಎರಡು ನೂಲಿನ ಚಲನೆಯನ್ನು ಕೊಡುವದು. ಬಡಗಿಯ ನೂಲೆಂದರೆ ಅಂಗುಲದ ಎಂಟನೆಯ ಒಂದು ಪಾಲು. ತ್ರೈರಾಶಿಕವನ್ನು ಕಲಿತ ಹುಡುಗನು ಇದನ್ನು ಬಾಯಲ್ಲಿ ಹೇಳಬಲ್ಲನು. ಸುತ್ತಿಗೆಯಿಂದ ನೂರು ಪೆಟ್ಟು ಹೊಡೆದು ಸಾಧಿಸಲಾಗದ್ದು ಹೀಗೆ ಒಂದು ಬಿಲ್ಲೆಯಿಂದ ಆಗುತ್ತದೆ. ಆದರೆ ಈ ತಿದ್ದುವಿಕೆಯನ್ನು ಗಾಡಿಯು ತನ್ನ ಗಾಲಿಗಳ ಮೇಲೆ ನಿಂತಿರುವಾಗಲೇ ಮಾಡಬೇಕು. ಜ್ಯಾಕಿನ ಮೇಲೆ ಎತ್ತಿ ನಿಲ್ಲಿಸಿದಾಗ ಚಾಸಿಯು ತುಸು ಬಾಗಿರುವದರಿಂದ, ಅಲ್ಲಿ ಸರಿಯಾದ ಸಂದು ಕೆಳಗಿಳಿಸಿದೊಡನೆ ತಪ್ಪುವದು.

ಇನ್ನು ಬಾಗಿಲು. ಅದನ್ನು ಅರ್ಧ ತೆರೆದು, ಹೊರತುದಿಯನ್ನು ಕೈಯಿಂದ ಮೇಲಕ್ಕೆತ್ತಿ ನೋಡಿರಿ. ಬಿಜಾಗರಿಯಲ್ಲಿ ಕಟಕಟ ಆಡಿದರೆ ಅದರ ಕಡ್ಡಿ ಸವೆದಿದೆ. ಕಡ್ಡಿಯನ್ನು ಬದಲಿಸುವದು ಅಗ್ಗದ ಕೆಲಸ. ಬಿಜಾಗರಿಯು ಅಲುಗದೆ ಕಂಬವೇ ಅಲುಗಿದರೆ ಕಂಬದ ಬುಡ ತುಕ್ಕು ತಿಂದಿದೆ. ಎರಡೂ ಅಲುಗದೆ ಸಂದು ಮಾತ್ರ ಓರೆಯಾಗಿದ್ದರೆ ಹಿಂದೆ ಹೇಳಿದ ತೊಟ್ಟಿಯ ವಿಚಾರಕ್ಕೆ ಮರಳಬೇಕು. ಬಾಗಿಲಿನ ಹಿಂದಂಚು ಜೋತುಬಿದ್ದಿದ್ದರೆ ಕೆಳಗಿನ ಬಿಜಾಗರಿಯ ಹಿಂದೆ ತೆಳುವಾದ ತಗಡನ್ನು ಕೊಟ್ಟರೆ ಅಂಚು ಏಳುವದು. ಮೇಲಿನದಕ್ಕೆ ಕೊಟ್ಟರೆ ಇಳಿಯುವದು. ನಮ್ಮ ಮನೆಗಳ ದಾರವಂದಕ್ಕೆ ಕದವನ್ನು ಕೂಡಿಸುವ ಆಚಾರಿಯು ಇದೇ ಉಪಾಯವನ್ನು ನಡೆಸುತ್ತಾನೆ. ಆಷಾಢದಲ್ಲಿ ಕದ ಉಬ್ಬಿತೆಂದು ಉಜ್ಜುಕೊರಡು ಹಿಡಿದು ಬರುವವನನ್ನು ಅನುಭವಿಯಾದ ಯಜಮಾನನು ಬೈದು ಕಳಿಸುವದನ್ನೂ ನಾವು ಕಂಡಿದ್ದೇವೆ. ಆಗ ಕೆತ್ತಿದರೆ ಮಾಘದಲ್ಲಿ ಸಂದಿನೊಳಗೆ ಬೆರಳು ತೂರುವದು. ಜೀಪಿನ ಬಾಗಿಲಿನ ಅಂಚನ್ನು ಕತ್ತರಿಸಬಾರದೆಂಬದಕ್ಕೂ ಇದೇ ಕಾರಣ. ತೊಟ್ಟಿಯನ್ನು ಇಂದಲ್ಲ ನಾಳೆ ಸರಿಗೊಳಿಸಿದಾಗ ಕತ್ತರಿಸಿದ ಬಾಗಿಲು ಚಿಕ್ಕದಾಗಿಬಿಡುವದು. ಚಿಲಕದ ನಾಲಗೆಯು ತನ್ನ ಕೊಂಡಿಯನ್ನು ಪೂರ್ತಿ ಹಿಡಿಯಲಾರದು. ವ್ಯಾಕರಣದಲ್ಲಿ ಲೋಪ, ಆಗಮ, ಆದೇಶ ಎಂದು ಸಂಧಿಕಾರ್ಯಗಳನ್ನು ಎಣಿಸುವಂತೆ ತಗಡಿನ ಸಂದಿನಲ್ಲಿಯೂ ಕತ್ತರಿಸುವದು, ಸೇರಿಸುವದು, ಬದಲಿಸುವದು ಎಂದು ಮೂರುಂಟು. ನಮ್ಮ ಕೆಲಸಗಾರರಿಗೆ ಮಾತ್ರ ಲೋಪಸಂಧಿಯ ಮೇಲೆಯೇ ಏಕೋ ಹೆಚ್ಚಿನ ಮಮತೆ!

ಸಂದನ್ನು ನೋಡುವಾಗ ಕೊಂಡಿಯನ್ನು ಬಿಚ್ಚಿ ತೆಗೆದಿಡಬೇಕು. ಅದು ಇದ್ದರೆ ಬಾಗಿಲನ್ನು ತನ್ನ ಕಡೆಗೆ ಎಳೆದು, ತಪ್ಪಾದದ್ದನ್ನು ಸರಿಯೆಂಬಂತೆ ತೋರಿಸುವದು. ರಬ್ಬರಿನ ಅಂಚುಪಟ್ಟಿಯನ್ನೂ ಮೊದಲು ಹಾಕಬಾರದು. ಸುಮಾರು ಒಂದೂವರೆ ನೂಲು ದಪ್ಪದ ಮರದ ಚಕ್ಕೆಯೊಂದನ್ನು ಮಾಡಿಕೊಂಡು ಬಾಗಿಲಿನ ಸುತ್ತಲೂ ಹಾಯಿಸಿ, ಎಲ್ಲಿ ಬಿಗಿ, ಎಲ್ಲಿ ಸಡಿಲು ಎಂದು ಸುಣ್ಣದ ಕಡ್ಡಿಯಿಂದ ಗುರುತಿಸಿರಿ. ಕಣ್ಣಿಗೆ ಕೆಟ್ಟದಾಗಿ ಕಾಣುವದು ಅಗಲವಾದ ಸಂದಲ್ಲ, ಒಂದು ಕಡೆ ಕಿರಿದಾಗುತ್ತ ಹೋಗುವ ಸಂದು. ಬಾಗಿಲಿನ ಮೇಲ್ಭಾಗವು ಹೊರಗೆ ನಿಂತು ಕೆಳಭಾಗವು ಒಳಗೆ ಕೂತಿದ್ದರೆ ಬಾಗಿಲೇ ತಿರುಚಿದೆಯೆಂದು ತಿಳಿಯಬೇಕು. ಒಳಗೆ ಕೂತ ಮೂಲೆಯಲ್ಲಿ ಬಾಗಿಲಿಗೂ ಕಂಬಕ್ಕೂ ನಡುವೆ ಬಟ್ಟೆ ಸುತ್ತಿದ ಕೊರಡನ್ನಿಟ್ಟು, ಹೊರಗೆ ನಿಂತ ಮೂಲೆಯನ್ನು ಎರಡು ಅಂಗೈಗಳಿಂದ ಮೆಲ್ಲಗೆ ಒಳಕ್ಕೆ ಒತ್ತಿದರೆ ಸರಿದಾರಿಗೆ ಬರುವದು. ಒಂದೇ ಸಲಕ್ಕೆ ಬಲ ತೋರಿಸಬಾರದು. ಇಷ್ಟಾದ ಮೇಲೆ ಕೊಂಡಿಯನ್ನು ಮರಳಿ ಕೂಡಿಸಿ, ಬಾಗಿಲು ಈಗಿರುವ ಜಾಗಕ್ಕೆ ಕೊಂಡಿಯನ್ನು ಹೊಂದಿಸಬೇಕೇ ಹೊರತು ಕೊಂಡಿಯಿದ್ದಲ್ಲಿಗೆ ಬಾಗಿಲನ್ನು ಎಳೆಯಬಾರದು. ಒಂದು ಕೈಯಿಂದ ಸಾಧಾರಣವಾಗಿ ನೂಕಿದಾಗ ನಾಲಗೆಯು ಪೂರ್ತಿ ಬೀಳಬೇಕು. ಒಳಗಿನಿಂದ ಭುಜ ಕೊಟ್ಟು ಒತ್ತಿದರೆ ಅಲುಗಬಾರದು. ಘಟ್ಟದಲ್ಲಿ ಮಗುವನ್ನು ಕಾಯತಕ್ಕದ್ದು ಈ ನಾಲಗೆಯೇ, ಬಣ್ಣವಲ್ಲ.

ಮಡ್‌ಗಾರ್ಡು, ಬಾನೆಟ್ಟು, ಮುಂದಿನ ಜಾಲರಿಗಳ ಮಾತು ಬಾಗಿಲಿನ ತರುವಾಯದ್ದು. ಅವೆಲ್ಲ ಬೋಲ್ಟಿನ ಮೇಲೆ ನಿಂತವುಗಳಾದ್ದರಿಂದ ಸರಿದು ಕೂಡುತ್ತವೆ. ಬಾನೆಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ಸಿ.ಜೆ. ೩ಬಿಯ ಎಂಜಿನ್ನಿನಲ್ಲಿ ಒಳಸೇದುವ ಕವಾಟಗಳನ್ನು ಮೇಲುಗಡೆಗೆ ಇಟ್ಟದ್ದರಿಂದ ಎಂಜಿನ್ನು ಎತ್ತರವಾಯಿತು, ಅದರೊಡನೆ ಬಾನೆಟ್ಟೂ ಎತ್ತರವಾಯಿತು. ಯುದ್ಧಕಾಲದ ತಗ್ಗು ಬಾನೆಟ್ಟು ಅದಕ್ಕೆ ಕೂಡದು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದವರು ಆಮೇಲೆ ಮೇಸ್ತ್ರಿಯನ್ನು ದೂರುತ್ತಾರೆ.

ಈ ಎಲ್ಲ ಜೋಡಣೆಯನ್ನೂ ಬಣ್ಣಕ್ಕೆ ಮೊದಲೇ ಒಮ್ಮೆ ಪೂರ್ತಿ ಮಾಡಿ ನೋಡತಕ್ಕದ್ದು. ಬಣ್ಣವೂ ಕೆಲವು ಪದರ ಸೇರಿ ದಪ್ಪವಾಗುವದರಿಂದ ಸಂದನ್ನು ತೀರ ಬಿಗಿಯಾಗಿ ಇಡಬಾರದು. ಪುಟ್ಟಿಯನ್ನು ಮೆತ್ತಿ ಸಂದನ್ನು ನೇರಗೊಳಿಸುವ ವಿದ್ಯೆಯೊಂದು ಪ್ರಚಾರದಲ್ಲಿದೆ. ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಎರಡು ಸಲ ಇಳಿದು ಹತ್ತಿದರೆ ಅದು ಉದುರುವದು.

ಕಾಯಿದೆಯ ಮಾತೊಂದು ಉಳಿದಿದೆ. ಖಾಸಗಿ ವಾಹನದ ನೋಂದಣಿಯನ್ನು ೧೫ ವರ್ಷಗಳ ತರುವಾಯ ಐದೈದು ವರ್ಷಕ್ಕೊಮ್ಮೆ, ವಾಹನವು ಸುಸ್ಥಿತಿಯಲ್ಲಿದೆಯೆಂದು ತೋರಿಸಿ, ನವೀಕರಿಸಬೇಕೆಂಬದು ಎಲ್ಲರಿಗೂ ತಿಳಿದದ್ದೇ. ೨೦೨೧ರಲ್ಲಿ ಕೇಂದ್ರ ಸರಕಾರವು ೫೦ ವರ್ಷ ಮೀರಿದ ಗಾಡಿಗಳಿಗಾಗಿ ಬೇರೊಂದು ವರ್ಗವನ್ನೇ ಮಾಡಿ, ಅವುಗಳ ಸಂಖ್ಯೆಯಲ್ಲಿ ವಿ.ಎ. ಎಂಬ ಅಕ್ಷರಗಳನ್ನು ಸೇರಿಸುವಂತೆ ನಿಯಮಿಸಿತು. ಹೊಸದಾಗಿ ಹಾಗೆ ನೋಂದಾಯಿಸುವದಕ್ಕೆ ೨೦,೦೦೦ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಚಾಸಿಯನ್ನಾಗಲಿ ತೊಟ್ಟಿಯನ್ನಾಗಲಿ ಎಂಜಿನ್ನನ್ನಾಗಲಿ ಮಾರ್ಪಡಿಸದೆ ಮೂಲರೂಪದಲ್ಲಿ ಇಟ್ಟಿರಬೇಕು. ಪ್ರದರ್ಶನ ಮೊದಲಾದ ಕಾರ್ಯಗಳಿಗೆ ಹೊರತು ದಿನಬಳಕೆಗೆ ಓಡಿಸುವಂತಿಲ್ಲ. ಅಡಕೆಯ ಮೂಟೆ ಹೊರುವ ಗಾಡಿಗೆ ಅದು ಒಗ್ಗದು; ಹಳೆಯ ನೋಂದಣಿಯನ್ನೇ ನವೀಕರಿಸಿಕೊಳ್ಳುವದು ಲೇಸು. ಮುಂದೆಂದಾದರೂ ಆ ವರ್ಗಕ್ಕೆ ಸೇರಿಸುವ ಆಸೆಯುಳ್ಳವರು ಮಾತ್ರ ತೊಟ್ಟಿಗೆ ಕತ್ತರಿ ತಾಗಿಸುವ ಮುನ್ನ ಎರಡು ಸಲ ಯೋಚಿಸಲಿ, ಕಳಚಿ ತೆಗೆದ ಹಳೆಯ ಭಾಗಗಳನ್ನು ಅಟ್ಟದ ಮೇಲೆ ಕಾದಿಡಲಿ.

ಕೆಲಸವನ್ನು ಅಡಕೆಯ ಕೊಯ್ಲು ಮುಗಿದ ಮೇಲೆ ಹಿಡಿದು ಜ್ಯೇಷ್ಠದ ಮೊದಲ ಮಳೆಗೆ ಮುನ್ನ ತೀರಿಸಬೇಕು. ಮಳೆ ಹಿಡಿದ ಮೇಲೆ ಬೆತ್ತಲೆ ತಗಡಿನ ಮೇಲೆ ಒಂದೇ ರಾತ್ರಿಯಲ್ಲಿ ತುಕ್ಕು ಕೆಂಪೇರುವದು. ತಳದ ತಗಡಿನಲ್ಲಿ ನೀರು ಬಸಿಯುವ ತೂತುಗಳನ್ನು ಹೊಸ ಕೆಲಸದಲ್ಲಿ ಮುಚ್ಚಿಬಿಟ್ಟಿದ್ದರೆ ಅವನ್ನೂ ಬಣ್ಣದ ಮೊದಲೇ ತೆಗೆಯಿಸಿಕೊಳ್ಳಿರಿ.